ತಪಾಸಣಾ ಹಾದಿ

ಹೊಸ ಬಡಾವಣೆಯ ರಸ್ತೆಗೆ ಮೂರು ಸೇತುವೆ. ಮೂರರ ವಿನ್ಯಾಸವೂ ಇಲಾಖೆಯ ಎಂಜಿನಿಯರ್ ಆಗಿದ್ದ ಅವಳದೇ. ರೈಲು ಹಳಿಯ ಮೇಲೆ ಹಾಯುವ ದೊಡ್ಡ ಸೇತುವೆಯ ಅಂಚಿಗೆ ನಡೆಯುವವರಿಗೆಂದು ಒಂದು ಕಾಲುದಾರಿ ಇಟ್ಟಿದ್ದಳು. ಅದು ಅವಳ ಭಾವನ, ಅಕ್ಕನ ಗಂಡನ, ಕಣ್ಣು ಕುಕ್ಕಿತು.

ಭಾವ ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ. ನೌಕರಿಯಲ್ಲಿದ್ದಷ್ಟು ದಿನ ಅವನ ಮಾತಿಗೆ ಯಾರೂ ಕಿವಿಗೊಟ್ಟಿರಲಿಲ್ಲ. ನಿವೃತ್ತನಾದ ಮೇಲೆ ಸಿಕ್ಕವರ ಕಿವಿಯನ್ನೆಲ್ಲ ಹಿಡಿದು ಆ ಸೇಡು ತೀರಿಸಿಕೊಳ್ಳುತ್ತಿದ್ದ. ಇಲಾಖೆಯ ಸಭೆಗೆ ಬಂದವನು, ಮೇಜಿನ ಮೇಲೆ ಅವಳು ಜೋಡಿಸಿಟ್ಟಿದ್ದ ಥರ್ಮೋಕೋಲಿನ ಸೇತುವೆಯ ನಡುಮಧ್ಯಕ್ಕೇ ಚಹಾದ ಕಪ್ಪು ಇಟ್ಟ.

"ನೋಡಮ್ಮ, ನಮ್ಮ ಬಡಾವಣೆಯಲ್ಲಿ ನಡೆಯೋರು ಯಾರಿದ್ದಾರೆ? ಮನೆಮನೆಗೂ ಕಾರು. ಇದನ್ನ ಕಿತ್ತುಹಾಕು, ರಸ್ತೆ ಅಗಲ ಆಗುತ್ತೆ."

"ಅಕ್ಕ ದಿನಾ ನಡೆದೇ ಹೋಗ್ತಾಳಲ್ಲ ಭಾವ? ಮಾರ್ಕೆಟ್ಟಿಗೆ ಹೋಗೋಕೆ ಹಳಿ ಸುತ್ತಿಕೊಂಡು ಎಷ್ಟು ದೂರ ಹೋಗ್ತಾಳೆ, ನಿಮಗೆ ಗೊತ್ತಾ?"

"ಅವಳ ಮಾತು ಬಿಡು. ಅವಳಿಗೆ ಅಭ್ಯಾಸ ಆಗಿಹೋಗಿದೆ."

ಅವಳ ಮೈಯೆಲ್ಲ ಉರಿಯಿತು. ಮುಖ್ಯ ಎಂಜಿನಿಯರ್ ಕಡೆ ನೋಡಿದಳು. ಕಚೇರಿಯಲ್ಲಿ ಅವರಿಗೆ 'ಆಗಲಿ ಸಾಹೇಬರು' ಎಂದೇ ಹೆಸರು. ಅವರು ಭಾವನ ಮುಖ ನೋಡಿದರು, ಅವಳ ಮುಖ ನೋಡಿದರು, ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಂಡರು. "ಆಗಲಿ, ತೆಗೆದುಬಿಡಿ" ಎಂದರು. ಇಂಥ ಬೆನ್ನೆಲುಬಿಲ್ಲದ ಮನುಷ್ಯನನ್ನು ಕಂಬ ನಿಲ್ಲಿಸುವ ಕೆಲಸಕ್ಕೆ ಯಾವ ಪುಣ್ಯಾತ್ಮ ಆರಿಸಿದನೋ ಎಂದುಕೊಂಡಳು.

ಮುಂದಿನ ಸಭೆಗೆ ಹೊಸ ನಕ್ಷೆ ತಂದಳು. ಅದೇ ಅಂಚು, ಅದೇ ಅಗಲ, ಅದೇ ಕಂಬಿ. ಹೆಸರೊಂದೇ ಬೇರೆ: ತಪಾಸಣಾ ಹಾದಿ.

"ಇದೇನು?" ಎಂದ ಭಾವ.

"ಸಿಬ್ಬಂದಿ ಓಡಾಡಿಕೊಂಡು ಸೇತುವೆ ಪರೀಕ್ಷೆ ಮಾಡೋಕೆ. ಕೆಳಗೆ ರೈಲು ಓಡುತ್ತಲ್ಲ."

"ಹಾಂ! ಇದು ಬೇಕು ಮತ್ತೆ. ಸುರಕ್ಷತೆ ಅಂದ್ರೆ ಸುರಕ್ಷತೆ. ಮೊದಲೇ ಆ ಕಾಲುದಾರಿ ಬದಲು ಇದನ್ನೇ ಹಾಕಬಾರದಿತ್ತಾ?"

"ಆಗಲಿ" ಎಂದರು ಸಾಹೇಬರು.

ನಕ್ಷೆಯಲ್ಲಿ ಒಂದಿಂಚೂ ಬದಲಾಗಿಲ್ಲವೆಂಬುದು ಇಬ್ಬರ ತಲೆಗೂ ಹೋಗಲಿಲ್ಲ. ಗೆದ್ದೆನೆಂಬ ಖುಷಿ ಅವಳಿಗೇನೂ ಆಗಲಿಲ್ಲ. ಇಂಥವರನ್ನು ಗೆಲ್ಲುವುದೂ ಒಂದು ಗೆಲುವಾ ಎನಿಸಿತು.

ಸೇತುವೆ ಎದ್ದು ನಿಂತಿತು. ಉದ್ಘಾಟನೆಯ ದಿನ ಟೇಪು ಕತ್ತರಿಸುವ ಮೊದಲೇ ಜನ ಆ ಹಾದಿ ಹಿಡಿದಿದ್ದರು. ಸೈಕಲ್ ತಳ್ಳಿಕೊಂಡು, ಮಕ್ಕಳನ್ನು ಎತ್ತಿಕೊಂಡು. ಭಾವ ಅದನ್ನು ನೋಡಿದ. ಒಂದು ಗಳಿಗೆ ಮುಖ ಗಂಟಿಕ್ಕಿತು. ಆಮೇಲೆ ಮೈಕು ಹಿಡಿದ.

"ಕಾರಿನವರಿಗೆ ಎಲ್ಲರೂ ರಸ್ತೆ ಮಾಡ್ತಾರೆ. ನಡೆಯೋರ ಗತಿ ಏನು ಅಂತ ಪಟ್ಟು ಹಿಡಿದವನು ನಾನು!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಆಗಲಿ ಸಾಹೇಬರೇ.

ಅವಳಿಗೆ ನಗು ಬರಲಿಲ್ಲ, ಹೇಸಿಗೆಯಾಯಿತು. ವೇದಿಕೆ ಹತ್ತಿ ಮೈಕು ಕಿತ್ತುಕೊಳ್ಳಬೇಕೆಂದು ಹೆಜ್ಜೆ ಎತ್ತಿದಳು. ಹಿಂದಿನಿಂದ ಯಾರೋ ತೋಳು ಹಿಡಿದರು. ತಿರುಗಿದರೆ ಕೈಚೀಲ ಹಿಡಿದು ನಿಂತಿದ್ದ ಅಕ್ಕ.

"ಇದು ಮೊದಲಿಂದಲೂ ಕಾಲುದಾರಿನೇ ಅಲ್ವೇನೇ? ಬರೀ ಹೆಸರು ಬದಲಾಯಿಸಿದ್ದೀಯ."

"ನಿನಗೆ ಹೇಗೆ ಗೊತ್ತಾಯ್ತು?"

"ಆವತ್ತು ನಿಮ್ಮ ಭಾವ ಮನೆಗೆ ಬಂದು, ಕಾಲುದಾರಿ ತೆಗೆಸಿ ಅದೇ ಜಾಗದಲ್ಲಿ ತಪಾಸಣಾ ಹಾದಿ ಹಾಕಿಸಿದೆ ಅಂತ ಕೊಚ್ಚಿಕೊಳ್ತಾ ಇದ್ರು. ಕೇಳಿ ನಗು ತಡೆಯೋಕಾಗದೆ ಅಡುಗೆಮನೆಗೆ ಓಡಿದ್ದೆ." ಅಕ್ಕ ದನಿ ತಗ್ಗಿಸಿದಳು. "ಈಗ ಬಾಯಿ ಬಿಡಬೇಡ ಕಣೇ. ನಿಜ ಗೊತ್ತಾದ್ರೆ ಹಟಕ್ಕಾದ್ರೂ ನಾಳೆನೇ ಗೇಟು ಹಾಕಿಸ್ತಾರೆ."

ಇಷ್ಟು ವರ್ಷ ಬಾಯಿಲ್ಲದವಳೆಂದುಕೊಂಡಿದ್ದ ಅಕ್ಕನನ್ನು ಅವಳು ಕಣ್ಣರಳಿಸಿ ನೋಡಿದಳು. ವೇದಿಕೆಯತ್ತ ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟಳು. ಭಾವನ ಭಾಷಣ ಸಾಗಿಯೇ ಇತ್ತು. ಅಕ್ಕ ಅದಕ್ಕೆ ಬೆನ್ನು ಹಾಕಿ, ಚೀಲ ಹೆಗಲಿಗೇರಿಸಿ, ಸೇತುವೆಯ ಮೇಲೆ ಮಾರ್ಕೆಟ್ಟಿನ ಕಡೆ ನಡೆದಳು.