ಸೋಲಾರ್ ಟ್ಯಾಂಕಿಗೆ ವಿಭೂತಿ

ಇದನ್ನು ಹೇಳಲು ನನಗೇನು ಯೋಗ್ಯತೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ, ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು, ಅರ್ಜಿ ತುಂಬಬಲ್ಲ ಎಂದು ನಮ್ಮ ಬೀದಿಯವರು ನನ್ನನ್ನು ನಂಬಿದ್ದಾರೆ. ಆ ನಂಬಿಕೆಯಿಂದಲೇ ಇದು ಆದದ್ದು.

೨೦೦೩ರಲ್ಲಿ ನಂಜನಗೂಡಿನ ನಮ್ಮ ಪಕ್ಕದ ಮನೆಯ ಸಿದ್ದಲಿಂಗಮ್ಮನವರು ಸೋಲಾರ್ ಹೀಟರ್ ಹಾಕಿಸಿದರು. ಹಾಕಿಸಿದರೆ ಕರೆಂಟ್ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ ಎಂದು ಹೇಳಿದವನು ನಾನೇ. ಗಂಡನ ಪಿಂಚಣಿಯಲ್ಲಿ ಬದುಕುವ ಅವರು ಅದನ್ನೇ ನೆಚ್ಚಿಕೊಂಡಿದ್ದರು. ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ‘ನೀರು ಕಾಯಿಸಲು ಬೇರೆ ವ್ಯವಸ್ಥೆ ಇದೆಯೇ?’ ಇದೆ ಎಂದರೆ ರಿಯಾಯಿತಿ ತಪ್ಪೀತು. ಇಲ್ಲ ಎಂದರೆ ಸುಳ್ಳಾದೀತು. ಎರಡು ದಿನ ಯೋಚಿಸಿ, ಬಚ್ಚಲಿನ ಹಂಡೆ ಒಲೆ ಒಡೆಸಿಬಿಡಿ ಎಂದೆ. ಅದು ಅವರ ಅತ್ತೆ ಕಟ್ಟಿದ ಒಲೆ. ಒಡೆಸಿದರು. ನಾನು ‘ಇಲ್ಲ’ ಎಂದು ಬರೆದೆ.

ಪರಿಶೀಲನೆಗೆ ಅಧಿಕಾರಿ ಬಂದದ್ದು ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ. ಜೊತೆಗೆ ನಾನೂ ಹೋದೆ. ಹಿತ್ತಿಲಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಕೂತಿತ್ತು. ಮೈಗೆ ಸುಣ್ಣದ ಪಟ್ಟೆ, ಕೊರಳಿಗೆ ಹಾಗಲಬಳ್ಳಿ, ಕೆಳಗೆ ಬೆಳಗಿನ ಎಣ್ಣೆಸ್ನಾನಕ್ಕೆ ಜೋಡಿಸಿಟ್ಟ ಸೌದೆ.

“ಏನಮ್ಮಾ ಇದು? ಬೇರೆ ವ್ಯವಸ್ಥೆ ಇಲ್ಲ ಅಂತ ಬರೆದಿದ್ದೀರಿ,” ಎಂದರು ಅಧಿಕಾರಿ.

“ಇದು ವೆವಸ್ತೆ ಅಲ್ಲ ಸಾ, ಅಬ್ಬ. ಅಂಡೆ ತುಂಬ್ದೆ ಅಬ್ಬ ಮಾಡಾಕಾದದಾ?”

“ಹಂಗಾದ್ರೆ ಸೋಲಾರ್ ಯಾಕೆ?”

“ಮೇಲಕ್ಕೋಗಿ ನೋಡಿ, ಅದ್ಕೂ ಪೂಜೆ ಮಾಡಿವ್ನಿ. ಅದೂ ಅಂಡೇನೇ ಕಣ್ರೀ, ಮಲಗಿಕೊಂಡದೆ ಅಷ್ಟೇಯ.”

ತಾರಸಿಯ ಟ್ಯಾಂಕಿಗೆ ಮೂರು ಬೆರಳಿನ ವಿಭೂತಿ, ಪೈಪಿಗೆ ಸುತ್ತಿದ ಹಾಗಲಬಳ್ಳಿ. ಅಧಿಕಾರಿ ಬೂಟು ಬಿಚ್ಚಿ ಕೈಮುಗಿದರು. ಕೆಳಗಿಳಿದು ನಲ್ಲಿ ತಿರುಗಿಸಿ ಬಿಸಿನೀರು ಮುಟ್ಟಿ ನೋಡಿದರು. ಆಮೇಲೆ ನನಗೆ ಬೆನ್ನು ಮಾಡಿ ಏನೋ ಬರೆದರು. ಬಹಳ ಹೊತ್ತು ಬರೆದರು.

ಮುಂದಿನ ಬಿಲ್ಲಿನಲ್ಲಿ ರಿಯಾಯಿತಿ ಬಂತು. ಬೆರಳಿಟ್ಟು ತೋರಿಸಿದೆ. ಸಿದ್ದಲಿಂಗಮ್ಮನವರು ಬಿಲ್ಲನ್ನು ಮಡಿಸಿ ದೇವರ ಗೂಡಿನಲ್ಲಿಟ್ಟರು.

“ಅಂಡೆ ನೋಡೂವೆ ಕೊಟ್ರಲ್ಲಪ್ಪ,” ಎಂದರು. “ಅಂಗಾದ್ರೆ ನನ್ ಒಲೆ ಯಾಕ್ ಒಡಿಸ್ದೆ?”

ಕಚೇರಿಗೆ ಹೋಗಿ ಕೇಳಬೇಕೆಂದುಕೊಂಡೆ. ಕೇಳಿದರೆ ಕೊಟ್ಟದ್ದನ್ನೂ ಕಿತ್ತುಕೊಂಡಾರು ಎಂದು ಹೆದರಿ ಹೋಗಲಿಲ್ಲ. ಆ ಪ್ರಶ್ನೆ ಕರೆಂಟ್ ಗೀಸರಿನ ಬಗ್ಗೆ ಮಾತ್ರ ಇತ್ತೋ, ಸೌದೆ ಒಲೆಯ ಬಗ್ಗೆಯೂ ಇತ್ತೋ, ಆ ಸಂಜೆ ಅಧಿಕಾರಿ ಅಷ್ಟು ಹೊತ್ತು ಏನು ಬರೆದರೋ, ನನಗೆ ಇವತ್ತಿಗೂ ಗೊತ್ತಿಲ್ಲ.