ಖಾಯಂ ಓದುಗರ ತಿದ್ದುಪಡಿ

ಗ್ರಂಥಪಾಲಕರ ಕೆಲಸದ ಬಗ್ಗೆ ನಾನು ಒಂದು ಬ್ಲಾಗು ಬರೆಯುತ್ತೇನೆ, ಒಂದು ಪಾಡ್‌ಕಾಸ್ಟೂ ನಡೆಸುತ್ತೇನೆ. ನಡೆಸು ಎಂದು ಯಾರೂ ಕೇಳಿಕೊಂಡಿರಲಿಲ್ಲ. ನಮ್ಮ ಕೇಳುಗರನ್ನೆಲ್ಲ ಒಂದು ದಿನ ಊಟಕ್ಕೆ ಕರೆದರೆ ಮನೆಯ ಮೇಜೇ ಸಾಕು, ಕುರ್ಚಿಗಳನ್ನು ಮಾತ್ರ ಪಕ್ಕದ ಮನೆಯಿಂದ ತರಬೇಕಾದೀತು. ವಿಷಯಕ್ಕೇನೂ ಬರವಿಲ್ಲ. ಗುರುತಿಗೆಂದು ಪುಟಗಳ ನಡುವೆ ಬಾಚಣಿಗೆ ಇಟ್ಟು ಮರೆಯುವವರು, ಹೆಸರು ಗೊತ್ತಿಲ್ಲ, ನೀಲಿ ರಟ್ಟಿನದು ಕೊಡಿ ಎನ್ನುವವರು, ಬೇರೆಯವರಿಗೆ ಸಿಗದಿರಲೆಂದು ಪುಸ್ತಕವನ್ನು ಎಲ್ಲೋ ಮೂಲೆಯ ಕಪಾಟಿನಲ್ಲಿ ಬಚ್ಚಿಟ್ಟು ಮರುದಿನ ತಾವೇ ತಡಕಾಡುವವರು, ಇಷ್ಟು ಜನ ಇರುವವರೆಗೆ ನನ್ನ ಬ್ಲಾಗಿಗೆ ಸಾವಿಲ್ಲ.

ಪಾಡ್‌ಕಾಸ್ಟಿನಲ್ಲಿ ಪ್ರಶ್ನೆ ಕೇಳುವವಳು ನನ್ನ ಅಕ್ಕ. ಅವಳು ರೈಲ್ವೆ ಸ್ಟೇಷನ್ನಿನಲ್ಲಿ ಪ್ರಕಟಣೆ ಹೇಳುತ್ತಾಳೆ. ಯಾವ ರೈಲು ಯಾವ ಪ್ಲಾಟ್‌ಫಾರಂಗೆ, ಯಾವುದು ತಡ, ಯಾವುದು ರದ್ದು ಎಂದು ಅವಳು ಬಾಯಿ ಬಿಟ್ಟರೆ ಜನ ಗಂಟುಮೂಟೆ ಹೊತ್ತು ಮೇಲುಸೇತುವೆ ಹತ್ತಿ ಓಡುತ್ತಾರೆ. ನನ್ನದು ಲೈಬ್ರರಿಯ ದನಿ. ಮೈಕಿನ ಮುಂದೆ ಕೂತರೂ ಪಕ್ಕದಲ್ಲಿ ಯಾರೋ ಓದುತ್ತಿದ್ದಾರೆ ಎನ್ನುವ ಹಾಗೆ ಮಾತಾಡುತ್ತೇನೆ. ಅದಕ್ಕೇ ಅಕ್ಕ ಬೇಕಾದಳು.

ರಜೆಯ ದಿನ ಲೈಬ್ರರಿಯ ಬೈಂಡಿಂಗ್ ಕೋಣೆಯಲ್ಲಿ ನಮ್ಮ ರೆಕಾರ್ಡಿಂಗು. ಬೆನ್ನು ಕಿತ್ತುಹೋದ ಪುಸ್ತಕಗಳನ್ನು ಸೂರಿನವರೆಗೆ ಪೇರಿಸಿಟ್ಟಿರುವುದರಿಂದ ಮಾತು ಮರುದನಿಸುವುದಿಲ್ಲ. ಅಂಟಿನ ವಾಸನೆ ಇದೆ, ಆದರೆ ಅದು ಮೈಕಿಗೆ ತಿಳಿಯುವುದಿಲ್ಲ. ಪ್ರತಿ ಸಂಚಿಕೆಯ ಮೊದಲಿಗೆ ಅಕ್ಕ, ಬ್ಲಾಗಿಗೆ ಬಂದ ಪ್ರತಿಕ್ರಿಯೆಗಳನ್ನು ಓದುತ್ತಾಳೆ. ಮುಂಚೆ ಕಣ್ಣಾಡಿಸುವುದಿಲ್ಲ. ಸ್ಟೇಷನ್ನಿನಲ್ಲಿ ಚೀಟಿ ಕೈಗೆ ಬಂದ ಹಾಗೇ ಓದಿ ಅವಳಿಗೆ ಅಭ್ಯಾಸ.

ಪ್ರತಿಕ್ರಿಯೆ ಬರುವುದು ಹೆಚ್ಚಾಗಿ ಒಬ್ಬರಿಂದಲೇ. 'ಖಾಯಂ ಓದುಗ' ಎಂದು ಹೆಸರಿಟ್ಟುಕೊಂಡಿದ್ದಾರೆ. ಅವರು ಹೊಗಳುವುದಿಲ್ಲ, ಬೈಯುವುದೂ ಇಲ್ಲ, ತಿದ್ದುತ್ತಾರೆ. 'ತಿದ್ದುಪಡಿ: ಕಳೆದ ಸಂಚಿಕೆಯಲ್ಲಿ ಇರುವೆ ಪುಸ್ತಕ ತಿನ್ನುತ್ತದೆ ಎನ್ನಲಾಗಿದೆ. ತಿನ್ನುವುದು ಗೆದ್ದಲು.' ಇಂಥವು.

"ಯಾರೋ ಮಹರಾಯ, ಮಾಡಕ್ಕೆ ಬೇರೆ ಕೆಲ್ಸ ಇಲ್ಲ," ಎಂದು ಅಕ್ಕ ಮೈಕನ್ನು ಕೈಯಿಂದ ಮುಚ್ಚಿ ಹೇಳುತ್ತಿದ್ದಳು. "ಇವರ ಪ್ರೆಸ್ಸಿನವರೇ ಇರ್ಬೇಕು."

ಇವರು ಎಂದರೆ ಭಾವ, ಅಕ್ಕನ ಗಂಡ. ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಾರೆ. ನಮ್ಮ ಪಾಡ್‌ಕಾಸ್ಟು ಶುರುವಾದ ಹೊಸದರಲ್ಲೇ ಅವರು ಕೌಂಟರಿಗೆ ಬಂದು, "ಮಾತು ಗಾಳಿಗೆ ಹೋಗತ್ತೆ, ಬರೆದು ಬ್ಲಾಗಿಗೂ ಹಾಕು," ಎಂದು ನನ್ನ ತಲೆ ತಿಂದಿದ್ದರು. "ಪೂರ್ತಿ ಹಾಕು. ಕೆಮ್ಮು, ಸೀನು ಏನೂ ಬಿಡ್ಬೇಡ." ಪ್ರೂಫಿನವರ ಚಪಲ ಅಂದುಕೊಂಡು ಒಪ್ಪಿದೆ. ಅಂದಿನಿಂದ ದನಿಯಲ್ಲಿ ಕತ್ತರಿಸಿದ್ದೂ ಬರಹದಲ್ಲಿ ಇರುತ್ತದೆ. ಅದು ಬ್ಲಾಗಿನ ನಿಯಮವೇ ಆಯಿತು.

ಪಾಡ್‌ಕಾಸ್ಟಿಗೂ ಒಂದು ನಿಯಮವಿದೆ. ಮೊದಲ ಸಂಚಿಕೆಯಲ್ಲೇ ಎದೆ ಉಬ್ಬಿಸಿ ಹೇಳಿದ್ದೆ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಗ್ರಂಥಪಾಲಕರ ಹೊಟ್ಟೆಯಲ್ಲೇ ಇರಬೇಕು, ಕಟ್ಟಿಕೊಂಡವರು ಬಂದು ಕೇಳಿದರೂ ಹೊರಬರಬಾರದು. ಮುಂದೊಂದು ಸಂಚಿಕೆಯಲ್ಲಿ ಮಧ್ಯದ ಪುಸ್ತಕದ ಬಗ್ಗೆಯೂ ಹೇಳಿದೆ. ಒಯ್ಯಲು ಸಂಕೋಚವಾಗುವ ಪುಸ್ತಕವನ್ನು ಯಾರೂ ಒಂಟಿಯಾಗಿ ತರುವುದಿಲ್ಲ. ಮೇಲೊಂದು, ಕೆಳಗೊಂದು ಇಟ್ಟು ತರುತ್ತಾರೆ. ಕೌಂಟರಿನವರು ಮೇಲಿನದನ್ನೂ ಕೆಳಗಿನದನ್ನೂ ಮೆಚ್ಚಿ ಮಾತಾಡಿ, ಮಧ್ಯದ್ದಕ್ಕೆ ಸುಮ್ಮನೆ ಮುದ್ರೆ ಒತ್ತಬೇಕು.

ಒಂದು ಮಧ್ಯಾಹ್ನ ಭಾವ ಮೂರು ಪುಸ್ತಕ ಹಿಡಿದು ಬಂದರು. ಇದನ್ನು ಹೇಳಲು ಅವರ ಲಿಖಿತ ಒಪ್ಪಿಗೆ ನನ್ನ ಬಳಿ ಇದೆ. ಮೇಲಿದ್ದದ್ದು ತೋಟಗಾರಿಕೆ. ಅವರ ಮನೆಯಲ್ಲಿ ಒಂದು ಹೂಕುಂಡವೂ ಇಲ್ಲ. ಕೆಳಗಿದ್ದದ್ದು ಹಡಗುಗಳ ಇತಿಹಾಸ. ಮಧ್ಯದ್ದು, ಕಿವಿ ಮಂದವಾದವರು ಎದುರಿನವರ ತುಟಿ ನೋಡಿ ಮಾತು ತಿಳಿಯುವ ಬಗೆ.

ಹಡಗಿನ ಬಗ್ಗೆ ಮೆಚ್ಚಿ ಮಾತಾಡಲು ನನ್ನಿಂದ ಆಗಲಿಲ್ಲ. ಟೀ ಬೇಕಾ ಎಂದರೆ ನಾಳೆ ನೋಡೋಣ ಎನ್ನುತ್ತಿದ್ದ ಭಾವ, ಎಲ್ಲರೂ ನಕ್ಕಮೇಲೆ ಒಂದು ಗಳಿಗೆ ತಡವಾಗಿ ನಗುತ್ತಿದ್ದ ಭಾವ, ಎಲ್ಲವೂ ಒಟ್ಟಿಗೆ ನೆನಪಾಯಿತು. ಬರಹ ಬೇಕೆಂದು ಹಟ ಹಿಡಿದದ್ದು ಯಾಕೆಂದೂ, ಖಾಯಂ ಓದುಗ ಯಾರೆಂದೂ ಆಗ ಹೊಳೆಯಿತು. ನನಗೆ ಅಳು ಬರುವ ಹಾಗಾಯಿತು.

"ಅಕ್ಕನಿಗೆ ಗೊತ್ತಾ, ಭಾವ?" ಎಂದೆ. ಲೈಬ್ರರಿಯ ದನಿ, ಅವರಿಗೆ ತಲುಪಲಿಲ್ಲ. ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. ಅವರು ಓದಿ, ಜೇಬಿನಿಂದ ಪೆನ್ನು ತೆಗೆದು, ನಾನು ಬಿಟ್ಟಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರು.

"ಇಲ್ಲ," ಅಂದರು. "ಸ್ಟೇಷನ್ನಲ್ಲಿ ಅವಳ ದನಿ ಕೇಳ್ತಾ ನಿಂತು ರೈಲು ತಪ್ಪಿಸಿಕೊಂಡವನು ನಾನು. ಆಮೇಲೆ ಬೇಕು ಅಂತಲೇ ತಪ್ಪಿಸಿಕೊಂಡೆ. ಈಗ ಅದೇ ದನಿ ಕಿವಿಗೆ ಬೀಳ್ತಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನೂ ಹೇಳ್ಬಾರದು. ಕೌಂಟರಲ್ಲಿ ಕಂಡಿದ್ದು ಕೌಂಟರಲ್ಲೇ. ನಿಂದೇ ಮಾತು, ಮೊದಲನೇ ಸಂಚಿಕೆ."

ತಮ್ಮ ದನಿ ಎಷ್ಟು ಏರಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ವಾಚನಾಲಯದ ಕೊನೆಯ ಬೆಂಚಿನವರೂ ಪತ್ರಿಕೆ ಕೆಳಗಿಳಿಸಿ ನೋಡಿದರು. ಗುಟ್ಟನ್ನು ಅಷ್ಟು ಗಟ್ಟಿಯಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಮಧ್ಯದ ಪುಸ್ತಕಕ್ಕೆ ಮುದ್ರೆ ಒತ್ತಿ ಕೊಟ್ಟೆ.

ಇತ್ತ ಅಕ್ಕ ಒಳಗೊಳಗೇ ಬೇಯುತ್ತಿದ್ದಳು. ದೂರದ ದೊಡ್ಡ ಸ್ಟೇಷನ್ನಿನವರು ಬಹಳ ದಿನದಿಂದ ಅವಳನ್ನು ಕರೆಯುತ್ತಿದ್ದರು, ಅವಳು ಒಲ್ಲೆ ಎನ್ನುತ್ತಲೇ ಬಂದಿದ್ದಳು. ಈಗ ಹೋಗುತ್ತೇನೆ ಎಂದು ಶುರುಮಾಡಿದಳು. ಅವಳಿಗೆ ಆ ಊರೂ ಬೇಕಿರಲಿಲ್ಲ, ಆ ಸ್ಟೇಷನ್ನೂ ಬೇಕಿರಲಿಲ್ಲ. ಹೇಳಿದ ಮಾತಿಗೆ ಒಂದು ತಿರುಗು ಮಾತು ಬರುವ ಮನೆ ಬೇಕಿತ್ತು.

"ಪಾಡ್‌ಕಾಸ್ಟಲ್ಲಿ ನಾನು ಏನಂದೆ ಹೇಳಿ ನೋಡೋಣ ಅಂದ್ರೆ ಅಕ್ಷರ ಬಿಡ್ದೆ ಒಪ್ಪಿಸ್ತಾರೆ ಕಣೇ," ಅಂದಳು. "ಅದೇ ನಾನು ಮನೇಲಿ ಹೇಳಿದ್ದು ಗೋಡೆಗೆ ಹೇಳಿದ ಹಾಗೆ. ಅಂದ್ರೆ ಏನರ್ಥ? ದನಿ ಬೇಕು, ನಾನು ಬೇಡ."

ನನ್ನ ನಿಯಮದ ಮೇಲೆ ನನಗೇ ಹೇಸಿಗೆಯಾಗಿತ್ತು. ಆದರೂ ಭಾವ ನನ್ನನ್ನು ನಂಬಿ ಆ ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟಿದ್ದರು.

ಆ ವಾರದ ಸಂಚಿಕೆ 'ನಿಶ್ಶಬ್ದವಾಗಿರಿ' ಎಂಬ ಫಲಕದ ಬಗ್ಗೆ. ಫಲಕ ಎಷ್ಟು ದೊಡ್ಡದಿರಬೇಕು, ಎಲ್ಲಿ ತೂಗುಹಾಕಬೇಕು ಎಂದು ನಾನು ಹೇಳುತ್ತಾ ಹೋದೆ. ಅಕ್ಕ ಪ್ರಶ್ನೆ ಕೇಳಬೇಕಿತ್ತು.

"ನಿಶ್ಶಬ್ದಕ್ಕೆ ಫಲಕ ಬೇರೆ ಬೇಕಾ?" ಅಂದಳು. "ನಮ್ಮನೇಗೆ ಬನ್ನಿ, ಪುಕ್ಕಟೆ ಸಿಗತ್ತೆ. ಇಡೀ ಸ್ಟೇಷನ್ನು ನನ್ನ ಮಾತಿಗೆ ಎದ್ದು ಓಡತ್ತೆ. ಮನೇಲಿ ಒಬ್ರು ತಲೆ ಎತ್ತಲ್ಲ. ನಾನು ಅವ್ರಿಗೆ ಬೇಡವಾಗಿದೀನಿ. ಸೋಮವಾರ ಒಪ್ಪಿಗೆ ಬರ್ಕೊಟ್ಟು ಹೊರಡ್ತೀನಿ." ಆಮೇಲೆ ನೀರು ಕುಡಿದು, "ಇದನ್ನ ಕತ್ತರಿಸು," ಅಂದಳು.

"ದನಿಯಲ್ಲಿ ಕತ್ತರಿಸ್ತೀನಿ. ಬರಹದಲ್ಲಿ?"

"ಅದನ್ನ ಯಾರು ಓದ್ತಾರೆ. ಇರ್ಲಿ ಬಿಡು."

ಯಾರು ಓದುತ್ತಾರೆ ಎಂದು ನನಗೆ ಗೊತ್ತಿತ್ತು. ಅದನ್ನೂ ಹೇಳುವಂತಿರಲಿಲ್ಲ. ಮನೆಗೆ ಹೋಗಿ ಒಂದಕ್ಷರ ಬಿಡದೆ ಬರೆದು ಹಾಕಿದೆ. ಯಾವ ನಿಯಮವನ್ನೂ ಮುರಿಯದೆ ಅಷ್ಟು ದೊಡ್ಡ ತಲೆಹರಟೆ ಮಾಡಿದ್ದು ಅದೇ ಮೊದಲು.

ಪ್ರತಿಕ್ರಿಯೆ ಬರಲಿಲ್ಲ. ದಿನಾ ಬ್ಲಾಗು ತೆರೆದು ನೋಡಿದೆ. ಇರುವೆ, ಗೆದ್ದಲಿಗೆಲ್ಲ ಓಡಿಬರುತ್ತಿದ್ದ ಮನುಷ್ಯ ಈಗ ಬಾಯಿ ಮುಚ್ಚಿಕೊಂಡಿದ್ದಾರಲ್ಲ ಎಂದು ಸಿಟ್ಟು ಬಂತು. ಅಕ್ಕ ಸೂಟ್‌ಕೇಸು ಕೆಳಗಿಳಿಸಿ ಒರೆಸಿಟ್ಟಳು. ರಜೆಯ ದಿನ ಬಂತು, ಮರುದಿನವೇ ಸೋಮವಾರ. ಬೈಂಡಿಂಗ್ ಕೋಣೆಯಲ್ಲಿ ಮೈಕು ಜೋಡಿಸುತ್ತಾ ಕೊನೆಯ ಸಲ ನೋಡಿದೆ. ಇತ್ತು. ಓದಿದೆ. ಅಕ್ಕನ ಮುಂದಿಟ್ಟು ರೆಕಾರ್ಡಿಂಗ್ ಗುಂಡಿ ಒತ್ತಿದೆ.

"ಮೊದಲಿಗೆ ಪ್ರತಿಕ್ರಿಯೆ," ಎಂದು ಅಕ್ಕ ಸ್ಟೇಷನ್ನಿನ ದನಿಯಲ್ಲಿ ಓದತೊಡಗಿದಳು. "ಖಾಯಂ ಓದುಗ ಅವರಿಂದ. 'ತಿದ್ದುಪಡಿ: ತಾನು ಗಂಡನಿಗೆ ಬೇಡವಾಗಿದ್ದೇನೆ ಎಂದು ಕಳೆದ ಸಂಚಿಕೆಯ ಬರಹದಲ್ಲಿ ಪ್ರಶ್ನೆ ಕೇಳುವವರು ಹೇಳಿದ್ದಾರೆ. ಇದು ತಪ್ಪು. ಗಂಡನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಹೋಗುತ್ತಿದೆ. ನಾಚಿಕೆಯಿಂದ ಹೇಳಿಲ್ಲ. ಈ ಬರಹವನ್ನು ಅವನು ಓದುವುದು ಆಕೆಯ ದನಿಯನ್ನು ನೆನಪು ಮಾಡಿಕೊಂಡು. ಮುಂದಿನ ಮುದ್ರಣದಲ್ಲಿ...'"

ಮುಂದಿದ್ದದ್ದು 'ಸರಿಪಡಿಸಿಕೊಳ್ಳುವುದು' ಎಂಬ ಒಂದೇ ಪದ. ಅವಳಿಗೆ ಅದನ್ನು ಓದಲಾಗಲಿಲ್ಲ. ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಾನು ಲೈಬ್ರರಿಯವಳು, ಅಕ್ಕ."

"ತಂಗಿ ಅಲ್ವಾ ನೀನು?"

ಅಕ್ಕ ಚೀಲ ಎತ್ತಿಕೊಂಡು ಬಾಗಿಲಿನವರೆಗೆ ಹೋದಳು. ನನ್ನ ಜೊತೆ ಮಾತು ಬಿಟ್ಟಳು ಅಂದುಕೊಂಡೆ. ಅಲ್ಲಿಂದ ತಿರುಗಿ ಬಂದಳು, ಕುರ್ಚಿ ಎಳೆದು ಕೂತಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ದಯವಿಟ್ಟು ಗಮನಿಸಿ," ಅಂದಳು. ಒಂದೊಂದು ಪದವನ್ನೂ ಬಿಡಿಸಿ ಇಡುವ ಅದೇ ದನಿ. "ಸೋಮವಾರ ಒಪ್ಪಿಗೆ ಕೊಟ್ಟು ಬೇರೆ ಊರಿಗೆ ಹೊರಡಬೇಕಿದ್ದ ಪ್ರಯಾಣಿಕರ ಪ್ರಯಾಣ ರದ್ದಾಗಿದೆ. ಅವರು ಇಂದಿನಿಂದ ಊಟದ ಮೇಜಿನಲ್ಲಿ ಗಂಡನ ಬಲಗಡೆಯ ಕುರ್ಚಿಯಲ್ಲಿ ಕೂರುತ್ತಾರೆ. ಆ ಕಿವಿಯೂ ಹೋದರೆ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಆದ ತೊಂದರೆಗೆ ವಿಷಾದಿಸುತ್ತೇವೆ."

ಆಮೇಲೆ ನನ್ನ ಕಡೆ ನೋಡದೆ, "ಬರೆದು ಹಾಕು," ಅಂದಳು. "ಈಗ್ಲೇ. ನಾನು ಮನೆ ಮುಟ್ಟೋ ಹೊತ್ತಿಗೆ ಅವರು ಓದಿರ್ಬೇಕು."

ಅವಳು ಹೋದಮೇಲೆ ಅಲ್ಲೇ ಕೂತು ಬರೆದು ಹಾಕಿದೆ. ನನ್ನನ್ನು ಕೇಳಿದ ಪ್ರಶ್ನೆಯನ್ನೂ, ಮೂಗು ಒರೆಸಿಕೊಂಡದ್ದನ್ನೂ ಬಿಡಲಿಲ್ಲ. ಬೈಂಡಿಂಗ್ ಕೋಣೆಗೆ ಬೀಗ ಹಾಕುವ ಮೊದಲೇ ಖಾಯಂ ಓದುಗರ ಪ್ರತಿಕ್ರಿಯೆ ಬಂತು.

'ತಿದ್ದುಪಡಿ ಇಲ್ಲ.'