ಮುಚ್ಚಿದರೂ ಮುಚ್ಚದ ಆಟ

ಆ ಬೀದಿಯವರೆಲ್ಲ ಅವರನ್ನು ಕಂಡಕ್ಟರ್ ತಾತ ಎಂದೇ ಕರೆಯುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತರಾದವರು. ಸೀಟಿನ ಕೆಳಗೆ ಮುದುಡಿ ಕೂತವನನ್ನೂ ಕಿವಿ ಹಿಡಿದು ಎಬ್ಬಿಸಿ ಟಿಕೆಟ್ ಕೊಟ್ಟ ಖ್ಯಾತಿ ಅವರದು. ಆದರೆ ಅಷ್ಟು ವರ್ಷ ಬಸ್ಸಿನಲ್ಲಿ ನಿಂತೇ ಹೋದ ಮನುಷ್ಯನಿಗೆ ಒಂದು ಆಸೆ ಮಾತ್ರ ಹಾಗೇ ಉಳಿದಿತ್ತು: ಒಂದು ಸಲವಾದರೂ ಸ್ಟೀರಿಂಗ್ ಹಿಡಿಯಬೇಕು.

ಆ ಆಸೆ ತೀರಿದ್ದು ಮನೆಯ ಕಂಪ್ಯೂಟರಿನಲ್ಲಿ. ಬಸ್ ಓಡಿಸುವ ಆಟವೊಂದು ಪುಕ್ಕಟೆಯಾಗಿ ಸಿಕ್ಕಿತು. ಯಾವ್ಯಾವುದೋ ಊರಿನವರ ಜೊತೆ ಪೈಪೋಟಿಗೆ ಬಿದ್ದು ಬಸ್ ಓಡಿಸಬಹುದು. ದಿನಾ ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ತಾತ ಡ್ರೈವರ್ ಆಗಿಬಿಡುತ್ತಿದ್ದರು. ತಿರುವಿನಲ್ಲಿ ಬಸ್ಸಿನ ಜೊತೆ ತಾವೂ ವಾಲುತ್ತಿದ್ದರು.

ಬೆಳಗಿನ ಹೊತ್ತು ಅದೇ ಕಂಪ್ಯೂಟರ್ ಸೊಸೆಗೆ ಬೇಕು. ಕಣ್ಣು ಕಾಣದ ಮಕ್ಕಳ ಶಾಲೆಗೆ ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುವುದು ಅವಳ ಕೆಲಸ. ಹಿಂದಿನ ಚಿಕ್ಕ ಕೋಣೆಯ ಕಿಟಕಿಗೆ ದಪ್ಪನೆಯ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಓದುವಳು. ಅವಳ ಬಾಯಲ್ಲಿ ಇತಿಹಾಸದ ಪಾಠವೂ ಪಕ್ಕದ ಮನೆಯ ಸುದ್ದಿಯಷ್ಟು ರುಚಿಯಾಗಿ ಕೇಳಿಸುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು.

ಇತ್ತೀಚೆಗೆ ಕಂಪ್ಯೂಟರ್ ಸೋಮಾರಿಯಾಗಿತ್ತು. ಗುಂಡಿ ಒತ್ತಿ, ಹೋಗಿ ಮುಖ ತೊಳೆದು, ಚಹಾ ಕಾಸಿ ಕುಡಿದು ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಲೇ ಇರುತ್ತಿತ್ತು. ಹೇಗೋ ಸುಧಾರಿಸಿಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಶಾಲೆಯಿಂದ ಫೋನ್ ಬಂತು. ಹತ್ತನೇ ತರಗತಿಯ ಹುಡುಗಿ.

"ಅಕ್ಕಾ, ನಿಮಗೆ ಬಿಕ್ಕಳಿಕೆ ಬಂದಿತ್ತಾ?"

"ಇಲ್ವಲ್ಲ ಪುಟ್ಟಿ! ಯಾಕೆ?"

"ವಿಜ್ಞಾನದ ಪಾಠದಲ್ಲಿ 'ಹೃದಯದಲ್ಲಿ' ಅಂತೀರಿ. ಆಮೇಲೆ ಟಕ್ ಅನ್ನುತ್ತೆ. ಆಮೇಲೆ 'ಕೋಣೆಗಳಿವೆ' ಅಂತೀರಿ. ಎಷ್ಟು ಕೋಣೆ ಅನ್ನೋದೇ ಇಲ್ಲ. ನಾನು ಆರು ಅಂತಿದ್ದೀನಿ, ನನ್ನ ಗೆಳತಿ ಎರಡು ಅಂತಿದ್ದಾಳೆ. ನಿನ್ನೆಯಿಂದ ಇದೇ ಜಗಳ. ಮುಂದಿನ ವಾರ ಪರೀಕ್ಷೆ ಬೇರೆ!"

ಸೊಸೆ ನಕ್ಕಳು. ಆದರೆ ಫೋನ್ ಇಟ್ಟ ಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದಾಗ ನಗು ಆರಿಹೋಯಿತು. ಪುಟಪುಟಕ್ಕೂ ಮಾತು ತುಂಡಾಗಿತ್ತು. ಮತ್ತೊಮ್ಮೆ ಓದಿದಳು. ಮತ್ತೆ ಅದೇ. ಮೈಕಿನ ವಯರ್ ಬದಲಾಯಿಸಿದಳು. ಜಪ್ಪಯ್ಯ ಎಂದರೂ ಸರಿಯಾಗಲಿಲ್ಲ. ಓದಿ ಓದಿ ಗಂಟಲು ಕಟ್ಟಿತು.

ತಿಂಡಿಗೆ ಕೂತ ಮಗ ಹೇಳಿದ, "ಅದಕ್ಕೆ ವಯಸ್ಸಾಯ್ತು ಬಿಡು. ಎಸೆದು ಬೇರೆ ತರೋಣ."

"ವಯಸ್ಸಾದ್ರೆ ಎಸೆದುಬಿಡ್ತೀಯೇನೋ?" ತಾತ ತಟ್ಟನೆ ಕೇಳಿದರು.

ಮಗ ತಲೆ ತಗ್ಗಿಸಿ ತಿಂಡಿ ಮುಗಿಸಿ ಎದ್ದ.

ಸಂಜೆ ಸೊಸೆ ತನ್ನ ಗೆಳತಿಯನ್ನು ಕರೆದುಕೊಂಡು ಬಂದಳು. ಗೆಳತಿ ಲೈಬ್ರರಿಯಲ್ಲಿ ಜನರಿಗೆ ಕಂಪ್ಯೂಟರ್ ಕಲಿಸುವವಳು. ಚಪ್ಪಲಿ ಬಿಡುತ್ತಲೇ ಕೇಳಿದಳು, "ಈ ಕಂಪ್ಯೂಟರ್‌ನಲ್ಲಿ ಆಟ ಯಾರು ಆಡ್ತಾರೆ?"

ತಾತನ ಕಿವಿ ನಿಮಿರಿತು. "ನಾನಮ್ಮಾ. ಆದ್ರೆ ಆಡೋದು ಮಧ್ಯಾಹ್ನ. ಮುಗಿದ ಮೇಲೆ ಮುಚ್ಚಿಟ್ಟೇ ಏಳೋದು. ಇವಳು ಓದೋದು ಬೆಳಿಗ್ಗೆ. ಮುಚ್ಚಿದ ಆಟ ಏನು ಮಾಡುತ್ತೆ ಪಾಪ?"

"ಮುಚ್ಚಿದ್ರೆ ಏನೂ ಮಾಡಲ್ಲ ಅಂಕಲ್. ನಿಜವಾಗ್ಲೂ ಮುಚ್ಚಿದೆಯಾ ಅಂತ ನೋಡೋಣ."

"ಮೂಲೆಯಲ್ಲಿರೋ ಎಕ್ಸ್ ಗುರುತು ಒತ್ತಿದ್ದೀನಿ. ನನ್ನ ಕಣ್ಣೆದುರೇ ಹೋಯ್ತು. ಇನ್ನೇನು ನೋಡೋದು?"

ಗೆಳತಿ ಕಂಪ್ಯೂಟರ್ ಆರಿಸಿ ಮತ್ತೆ ಶುರು ಮಾಡಿದಳು. "ಈಗ ಯಾರೂ ಏನೂ ಮುಟ್ಟಬೇಡಿ" ಎಂದಳು. ಮೂವರೂ ಕೈ ಕಟ್ಟಿ ಕೂತರು. ಪರದೆಯ ಮೇಲೆ ಏನೂ ಇಲ್ಲ. ಆದರೂ ಒಳಗಿನ ಫ್ಯಾನ್ ಗುರ್ರ್ ಎನ್ನುತ್ತಿತ್ತು. ಅವಳು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು. ಟಾಸ್ಕ್ ಮ್ಯಾನೇಜರ್ ತೆರೆಯಿತು. ಹೆಸರುಗಳ ಸಾಲು. ಪ್ರತಿ ಹೆಸರಿನ ಮುಂದೆ, ಅದು ಕಂಪ್ಯೂಟರಿನ ಶಕ್ತಿಯನ್ನು ಎಷ್ಟು ತಿನ್ನುತ್ತಿದೆ ಎಂಬ ಲೆಕ್ಕ.

"ಇವೆಲ್ಲ ಈಗ ಒಳಗೆ ಕೆಲಸ ಮಾಡ್ತಿರೋ ಪ್ರೋಗ್ರಾಂಗಳು. ಬೇಕಾದವೂ ಇವೆ, ಬೇಡದವೂ ಇವೆ. ಇದು ನೋಡಿ, ನಿಮ್ಮ ಬಸ್ ಆಟದ್ದು. ನೀವು ಎಕ್ಸ್ ಒತ್ತಿದಾಗ ಪರದೆ ಮೇಲಿನ ಆಟದ ಕಿಟಕಿ ಮಾತ್ರ ಹೋಯ್ತು. ಇದು ಹೋಗಿ ಪರದೆಯ ಕೆಳಮೂಲೆಯ ಗಡಿಯಾರದ ಪಕ್ಕ ಕೂತ್ಕೊಳ್ತು. ದಿನಾ ಬೆಳಿಗ್ಗೆ ಕಂಪ್ಯೂಟರ್ ಜೊತೆ ತಾನೂ ಏಳುತ್ತೆ."

ತಾತ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಇದರ ಕೆಳಗಿರೋದು?"

"ಅದೂ ಅದರದ್ದೇ. ಆಟದ ಹೊಸ ಭಾಗಗಳನ್ನ ಇಳಿಸ್ಕೊಳ್ಳುತ್ತೆ. ಅಷ್ಟು ಸಾಲ್ದು ಅಂತ, ಬೇರೆ ಆಟಗಾರರಿಗೂ ನಿಮ್ಮ ಇಂಟರ್‌ನೆಟ್‌ನಿಂದಲೇ ಹಂಚುತ್ತಿದೆ."

"ನನ್ನನ್ನ ಒಂದು ಮಾತು ಕೇಳದೇನೇ?"

"ಅದರ ಕೆಳಗಿರೋದು ಕಾವಲು. ಆಟದಲ್ಲಿ ಮೋಸ ಮಾಡ್ತಾರಾ ಅಂತ ನೋಡ್ತಾ ಇರುತ್ತೆ. ಆಟ ಆಡದೇ ಇದ್ದಾಗ್ಲೂ."

"ಯಾರು ಮೋಸ ಮಾಡ್ತಾರೆ ಅಂತ?"

"ನೀವೇ."

ತಾತನ ಮುಖ ಕೆಂಪಾಯಿತು. "ನಾನಾ? ಅಷ್ಟು ವರ್ಷ ಸರ್ವೀಸು, ಒಂದು ಕಪ್ಪು ಚುಕ್ಕೆ ಇಲ್ಲ! ನನ್ನ ಮನೆಯಲ್ಲೇ ಕೂತು ನನ್ನ ಮೇಲೇ ಕಣ್ಣಾ?"

ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಷ್ಟರಲ್ಲಿ ಗೆಳತಿಯ ಬೆರಳು ಎಲ್ಲಕ್ಕಿಂತ ಮೇಲಿದ್ದ ಹೆಸರಿನ ಮೇಲೆ ನಿಂತಿತು. "ಇದು ಎಲ್ಲರಿಗಿಂತ ಹೆಚ್ಚು ತಿಂತಿದೆ. 'ಕಂಪ್ಯೂಟರ್ ವೇಗ ಹೆಚ್ಚಿಸುವ ಪ್ರೋಗ್ರಾಂ' ಅಂತೆ. ಇದನ್ನ ಯಾರು ಹಾಕಿದ್ದು?"

ತಾತ ಮೆಲ್ಲಗೆ ಕೆಮ್ಮಿದರು.

"ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ಇಲ್ಲಿ ಒತ್ತಿ ಅಂತ ಕೆಂಪು ಅಕ್ಷರದಲ್ಲಿ ಬಂತಮ್ಮಾ. ನಿಜಾನೇ ಹೇಳ್ತಿದೆ ಅಂತ ಒತ್ತಿದೆ."

ಈ ಸಲ ಸೊಸೆಗೆ ತಡೆಯಲಾಗಲಿಲ್ಲ. ಗೆಳತಿಯೂ ನಕ್ಕಳು. ಕೊನೆಗೆ ತಾತನೂ ನಕ್ಕರು, ಸ್ವಲ್ಪ ಹುಳ್ಳಗೆ.

"ಸರಿ, ಇದು ನಾನು ಒತ್ತಿ ಬಂದಿದ್ದು. ಬೇರೆಯವು ಹೇಗೆ ಬಂದ್ವು?"

"ಆಟ ಹಾಕುವಾಗ ಏನು ಒತ್ತಿದ್ರಿ ಅಂಕಲ್?"

"ನೆಕ್ಸ್ಟ್."

"ಆಮೇಲೆ?"

"ನೆಕ್ಸ್ಟ್. ಆಮೇಲೆ ಇಷ್ಟುದ್ದ ಬರಹ ಬಂತು, ಓದಿದ್ರೆ ಸಂಜೆ ಆಗ್ತಿತ್ತು. ಒಪ್ಪಿಗೆ ಅಂತ ಇತ್ತು, ಒಪ್ಪಿದೆ. ಮತ್ತೆ ನೆಕ್ಸ್ಟ್."

ಆಟ ಹಾಕಲು ಬಳಸಿದ ಫೈಲ್ ಇನ್ನೂ ಕಂಪ್ಯೂಟರಿನಲ್ಲೇ ಇತ್ತು. ಗೆಳತಿ ಅದನ್ನು ಮತ್ತೆ ತೆರೆದು, ಅವಸರ ಮಾಡದೆ, ಒಂದೊಂದೇ ಪುಟ ತೋರಿಸಿದಳು. ನಡುವಿನ ಒಂದು ಪುಟದಲ್ಲಿ ಪುಟ್ಟ ಪುಟ್ಟ ಚೌಕಗಳು. ಪ್ರತಿ ಚೌಕದಲ್ಲೂ ಮೊದಲೇ ಗುರುತು ಹಾಕಿಟ್ಟಿದ್ದರು. ಕಂಪ್ಯೂಟರ್ ಶುರುವಾದಾಗಲೇ ಆಟವೂ ಶುರುವಾಗಲಿ. ಜೊತೆಗೆ ಇಂಟರ್‌ನೆಟ್ ತೆರೆದಾಗ ಮೇಲೆ ಕೂರುವ ಹುಡುಕಾಟದ ಪಟ್ಟಿಯೊಂದು ಇರಲಿ. ಜಾಹೀರಾತು ಬರಲಿ.

"ಬೇಡ ಅಂತ ನಾವು ಗುರುತು ತೆಗೀಲಿಲ್ಲ. ಬೇಕು ಅಂತ ಅವರು ತಿಳ್ಕೊಂಡ್ರು" ಎಂದಳು ಗೆಳತಿ.

ತಾತ ಆ ಚೌಕಗಳನ್ನೇ ನೋಡುತ್ತ ಕೂತರು. ಟಿಕೆಟ್ ಇಲ್ಲದವರಿಗೆ ತಾವೇ ಬಸ್ಸಿನ ಬಾಗಿಲು ತೆರೆದು, ತಾವೇ ಹತ್ತಿಸಿಕೊಂಡು, ತಾವೇ ಸೀಟು ಕೊಟ್ಟ ಹಾಗಾಗಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಪರೀಕ್ಷೆಗೆ ಕೂರಬೇಕಾದ ಆ ಹುಡುಗಿಯ ನೆನಪು.

"ನನ್ನಿಂದ ಆಗಿದ್ದಮ್ಮಾ ಇದು" ಎಂದು ಸೊಸೆಗೆ ಹೇಳಿದರು. "ಆ ಆಟ ಕಿತ್ತು ಹಾಕ್ಬಿಡಿ. ನನಗೆ ಬೇಡ."

"ಅಯ್ಯೋ, ಬಿಡಿ ಮಾವ. ನಾನೂ ನೆಕ್ಸ್ಟ್ ಒತ್ತೋಳೇ. ನಿಮ್ಮ ಬಸ್ ನಿಲ್ಲಿಸಿ ನಾನೇನು ಮಾಡ್ಲಿ?"

"ಆಟ ಬಿಡಬೇಕಾಗಿಲ್ಲ ಅಂಕಲ್" ಎಂದಳು ಗೆಳತಿ. "ಆಟ ಆಡೋ ಹೊತ್ತಿಗೆ ಇರ್ಲಿ. ಬೇರೆ ಹೊತ್ತಲ್ಲಿ ಅದಕ್ಕೆ ಇಲ್ಲೇನು ಕೆಲಸ?"

ಅವಳು ಹೇಳಿಕೊಟ್ಟಳು, ಮೌಸ್ ಹಿಡಿದು ಮಾಡಿದ್ದು ತಾತನೇ. ಆಟದ ಸೆಟ್ಟಿಂಗ್ಸ್‌ಗೆ ಹೋಗಿ, ಕಂಪ್ಯೂಟರ್ ಜೊತೆ ತಾನೂ ಏಳುವುದನ್ನು ನಿಲ್ಲಿಸಿದರು. ಎಕ್ಸ್ ಒತ್ತಿದರೆ ಪೂರ್ತಿ ಮುಚ್ಚಬೇಕು ಎಂದು ಬದಲಾಯಿಸಿದರು. ಬೇರೆಯವರಿಗೆ ಹಂಚುವುದನ್ನೂ ನಿಲ್ಲಿಸಿದರು. ಕಾವಲಿನ ಪ್ರೋಗ್ರಾಂ ಆಟ ತೆರೆದಾಗ ಮಾತ್ರ ಏಳುವಂತೆ ಮಾಡಲು ಆಟದಲ್ಲೇ ಅವಕಾಶವಿತ್ತು. ವೇಗ ಹೆಚ್ಚಿಸುವ ಮಹಾಶಯನನ್ನೂ ಹುಡುಕಾಟದ ಪಟ್ಟಿಯನ್ನೂ ಪೂರ್ತಿ ತೆಗೆದುಹಾಕಿದರು. ಕೊನೆಗೆ ಆಂಟಿವೈರಸ್‌ನಿಂದ ಇಡೀ ಕಂಪ್ಯೂಟರ್ ತಪಾಸಣೆ ಮಾಡಿಸಿದರು.

ಮತ್ತೆ ಶುರು ಮಾಡಿದಾಗ ಸೊಸೆ ಚಹಾಕ್ಕೆಂದು ಅಡುಗೆಮನೆಯ ಬಾಗಿಲು ದಾಟಿರಲಿಲ್ಲ, ಕಂಪ್ಯೂಟರ್ ಸಿದ್ಧವಾಗಿತ್ತು!

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಾತನಿಗೆ ಹುರುಪು ಬಂದುಬಿಟ್ಟಿತ್ತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಮೂರು ಕೀಲಿ ಒತ್ತಿ, ಸ್ಟಾರ್ಟಪ್ ಎಂಬ ಭಾಗಕ್ಕೆ ಹೋದರು. ಕಂಪ್ಯೂಟರ್ ಜೊತೆ ಏಳುವ ಪ್ರೋಗ್ರಾಂಗಳ ಹೆಸರೆಲ್ಲ ಅಲ್ಲಿದ್ದವು. ಪರಿಚಯವಿಲ್ಲದ ಹೆಸರು ಕಂಡಲ್ಲೆಲ್ಲ ಆಫ್ ಮಾಡುತ್ತ ಹೋದರು. ಪರಿಚಯವಿದ್ದ ಹೆಸರು ಅಲ್ಲಿ ಒಂದೂ ಇರಲಿಲ್ಲ. ಎಲ್ಲ ಆಫ್ ಮಾಡಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿ, ಮೀಸೆ ತಿರುವುತ್ತ ಹೊರಗೆ ಬಂದರು.

ಸೊಸೆ ಕೋಣೆ ಸೇರಿ ಹೃದಯದ ಪಾಠವನ್ನು ಮೊದಲಿಂದ ಕೊನೆಯವರೆಗೆ ಸೊಗಸಾಗಿ ಓದಿದಳು. ಹಾಕಿ ಕೇಳಿದರೆ ಬಿಕ್ಕಳಿಕೆ ಇಲ್ಲ. ಮಾತೂ ಇಲ್ಲ! ಒಂದು ಉಸಿರಿನ ಸದ್ದೂ ಇಲ್ಲ.

"ಮಾವಾ!"

ಆ ಕೂಗಿಗೆ ತಾತ ಕುರ್ಚಿಯಿಂದ ಎದ್ದು ನಿಂತರು.

ಗೆಳತಿಗೆ ಫೋನ್ ಮಾಡಿದ್ದಾಯಿತು. ವಿಷಯ ಕೇಳಿ ಅವಳು ನಕ್ಕ ನಗು ಬಾಗಿಲವರೆಗೂ ಕೇಳಿಸಿತು. "ಅಂಕಲ್, ಮೈಕಿನ ಪ್ರೋಗ್ರಾಂನೂ ಆಫ್ ಮಾಡಿದ್ದೀರಿ. ಗಾಬರಿ ಬೇಡ. ಆಫ್ ಮಾಡಿದ್ದೀರಿ ಅಷ್ಟೇ, ಅಳಿಸಿಲ್ಲ. ಅಲ್ಲೇ ಹೋಗಿ ಮತ್ತೆ ಆನ್ ಮಾಡಿ. ಆಂಟಿವೈರಸ್ ಹೆಸರಿದ್ರೆ ಅದನ್ನೂ ಆನ್ ಮಾಡಿ. ಆಮೇಲೆ ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿ. ಗೊತ್ತಿಲ್ಲದ ಹೆಸರೆಲ್ಲ ಕಳ್ಳನಲ್ಲ."

"ಟಿಕೆಟ್ ತಗೊಂಡವರನ್ನೂ ಇಳಿಸಿಬಿಟ್ಟೆನಾ!" ತಾತ ಹಣೆ ಹಣೆ ಚಚ್ಚಿಕೊಂಡರು. "ಇನ್ನು ಮೇಲೆ ಹೆಸರು ವಿಚಾರಿಸಿಯೇ ಕೈ ಹಚ್ತೀನಿ."

ಅಂದು ಮಧ್ಯಾಹ್ನದೊಳಗೆ ಪಾಠ ಶಾಲೆಗೆ ಹೋಯಿತು. ಸಂಜೆ ಫೋನ್ ಬಂತು. ಮೊದಲು ಕಿರುಚಾಟ, ಆಮೇಲೆ ಮಾತು.

"ಅಕ್ಕಾ, ನಾಲ್ಕಂತೆ! ನಾಲ್ಕು ಕೋಣೆ! ಇಬ್ಬರೂ ಸೋತ್ವಿ!"

"ಜಗಳ ಮುಗೀತಾ?"

"ಮುಗೀತು. ಈಗ ಯಾರು ಹತ್ತಿರ ಬಂದಿದ್ರು ಅಂತ ಜಗಳ. ನಾನೂ ಎರಡು ಹೆಚ್ಚು, ಅವಳೂ ಎರಡು ಕಮ್ಮಿ."

ಪಕ್ಕದಲ್ಲಿ ಕೂತಿದ್ದ ತಾತನ ಎದೆಯ ಭಾರ ಇಳಿಯಿತು. ಸೊಸೆ ನಡೆದದ್ದನ್ನೆಲ್ಲ ಹುಡುಗಿಗೆ ಹೇಳಿದಳು. ಬೈಗುಳ ಬರುತ್ತದೇನೋ ಎಂದು ತಾತ ಕಾದರು.

"ತಾತನಿಗೆ ಫೋನ್ ಕೊಡಿ ಅಕ್ಕಾ" ಎಂದಳು ಹುಡುಗಿ. "ತಾತ, ನೀವು ಬಸ್ ಓಡಿಸ್ತೀರಂತೆ ಹೌದಾ? ಪರೀಕ್ಷೆ ಮುಗಿದ ಮೇಲೆ ನಮ್ಮನ್ನೂ ಕರ್ಕೊಂಡು ಹೋಗ್ತೀರಾ?"

"ಅದು ಆಟದ ಬಸ್ಸು ಕಣಮ್ಮಾ. ಪರದೆ ಮೇಲೆ ಓಡುತ್ತೆ."

"ಗೊತ್ತು ತಾತ. ನೀವು ಓಡಿಸ್ತಾ ಓಡಿಸ್ತಾ ಹೇಳಿ. ನಾವು ಕೇಳ್ತೀವಿ."

ಪರೀಕ್ಷೆ ಮುಗಿದ ವಾರ ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪ್ಯೂಟರ್ ಮುಂದೆ ಕೂತರು. ಮೈಕು ಸೊಸೆಯ ಕೈಯಲ್ಲಿ. ಅತ್ತ ಶಾಲೆಯ ಹಜಾರದಲ್ಲಿ ಸ್ಪೀಕರ್ ಸುತ್ತ ಮಕ್ಕಳು. ಎಂಜಿನ್ ಗುಡುಗಿತು. "ಬಲಗಡೆ ಕೆರೆ, ನೀರು ಫಳಫಳ ಅಂತಿದೆ. ಮುಂದೆ ದೊಡ್ಡ ತಿರುವು, ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ!" ಅತ್ತ ಮಕ್ಕಳೆಲ್ಲ ಓ ಎಂದು ಕೂಗಿದರು. "ಸೇತುವೆ ಬಂತು... ಒಬ್ಬರು ಕೈ ತೋರಿಸ್ತಿದ್ದಾರೆ, ಹತ್ತಿಸ್ಕೊಳ್ಳಲಾ?" "ಹತ್ತಿಸ್ಕೊಳ್ಳಿ ತಾತ!" ಇಡೀ ದಾರಿಯಲ್ಲಿ ತಾತನ ಒಂದು ಮಾತೂ ತುಂಡಾಗಲಿಲ್ಲ. ಕೊನೆಯ ನಿಲ್ದಾಣ ಬಂದಾಗ ಯಾರೂ ಇಳಿಯಲು ಒಪ್ಪಲಿಲ್ಲ. ತಾತ ಬಸ್ ತಿರುಗಿಸಿ ಬಂದ ದಾರಿಯಲ್ಲೇ ಹೊರಟರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಕಂಪ್ಯೂಟರೂ ಹೀಗೆ ಏದುಸಿರು ಬಿಡುತ್ತಿದೆಯೇ? ಹಳೆಯದಾಯಿತೆಂದು ಬೈಯುವ ಮೊದಲು ಒಳಗೆ ಯಾರು ಯಾರು ಕೂತಿದ್ದಾರೆ ಎಂದು ಒಮ್ಮೆ ನೋಡಿ. ಆಟವಾಗಲಿ, ಬೇರೆ ಯಾವ ಪ್ರೋಗ್ರಾಂ ಆಗಲಿ, ಅದನ್ನು ತಯಾರಿಸಿದವರ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಹಾಕುವಾಗ ಅವಸರ ಬೇಡ. ಪ್ರತಿ ಪುಟದಲ್ಲೂ ನಿಂತು, ಬೇಡದ ಚೌಕದ ಗುರುತು ತೆಗೆದು ಮುಂದೆ ಹೋಗಿ. ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಒತ್ತಿ ಎಂದು ಹೆದರಿಸುವ ಕೆಂಪು ಅಕ್ಷರ ಬಂದರೆ ಒತ್ತಲೇಬೇಡಿ. ಆಟ ತೆಗೆದುಹಾಕಿದರೆ, ಅದರ ಜೊತೆ ಬಂದ ಕಾವಲೂ ಹೋಯಿತೇ ಎಂದು ನೋಡಿ. ಕೆಲವನ್ನು ಬೇರೆಯಾಗಿಯೇ ತೆಗೆಯಬೇಕಾಗುತ್ತದೆ. ಗೊತ್ತಿಲ್ಲದ ಹೆಸರು ಕಂಡರೆ ತಿಳಿದವರನ್ನು ಕೇಳಿ, ಆಮೇಲೆ ಆಫ್ ಮಾಡಿ. ಕೇಳುವುದಕ್ಕೆ ನಾಚಿಕೆ ಬೇಡ, ಮನೆಯ ಹಿರಿಯರು ಕೇಳಿದರೆ ನಗುವುದೂ ಬೇಡ. ಆಟ ಚೆನ್ನಾಗಿ ಆಡಿ, ಮನಸಾರೆ ಆಡಿ. ಮುಗಿದ ಮೇಲೆ ಅದು ನಿಜವಾಗಿಯೂ ಮುಚ್ಚಿದೆಯೇ ಎಂದು ಒಮ್ಮೆ ನೋಡಿಯೇ ಏಳಿ. ಇವತ್ತೇ ನೋಡಿ.